ಹಳೆಯ ಗಿಟಾರಿಗೆ ನ್ಯಾಯವಾದ ಬೆಲೆ ಯಾವುದು?

ವಸ್ತುವೊಂದರ ಬೆಲೆ ಇರುವುದು ವಸ್ತುವಿನಲ್ಲೋ ಅಥವಾ ಕೊಳ್ಳುವವನ ಆಸೆಯಲ್ಲೋ? ತತ್ತ್ವಶಾಸ್ತ್ರದಷ್ಟೇ ಹಳೆಯದಾದ ಈ ಪ್ರಶ್ನೆಗೆ ಹಳೆಯ ಎಲೆಕ್ಟ್ರಿಕ್ ಗಿಟಾರು ಒಳ್ಳೆಯ ಉದಾಹರಣೆ. 1954ರಲ್ಲಿ ಅಮೆರಿಕದ ಫೆಂಡರ್ ಕಂಪನಿಯು ಸ್ಟ್ರಾಟೋಕಾಸ್ಟರ್ ಗಿಟಾರನ್ನು ಮಾರುಕಟ್ಟೆಗೆ ತಂದಾಗ ಅದರ ಬೆಲೆ ಸುಮಾರು 250 ಡಾಲರ್. ಅದೇ ವರ್ಷದ ಗಿಟಾರು ಮೂಲರೂಪದಲ್ಲಿಯೇ ಉಳಿದು ಬಂದಿದ್ದರೆ ಇಂದು ಹತ್ತಾರು ಸಾವಿರ ಡಾಲರಿಗೆ ಮಾರಾಟವಾಗುತ್ತದೆ.

ಹಳೆಯದೆಲ್ಲವೂ ಅಮೂಲ್ಯವೆಂದು ಇದರ ಅರ್ಥವಲ್ಲ. 1965ರಲ್ಲಿ ಫೆಂಡರ್ ಕಂಪನಿಯು ಸಿಬಿಎಸ್ ಸಂಸ್ಥೆಯ ಪಾಲಾಯಿತು. ಅನಂತರ ತಯಾರಿಕೆಯ ಗುಣಮಟ್ಟ ಕುಸಿಯಿತೆಂಬ ನಂಬಿಕೆ ವಾದಕರಲ್ಲಿ ಬೇರೂರಿದ್ದರಿಂದ ಅದಕ್ಕೆ ಹಿಂದಿನ ಗಿಟಾರುಗಳಿಗೆ ಬೆಲೆ ಹೆಚ್ಚು. ಗಿಬ್ಸನ್ ಕಂಪನಿಯ 1958ರಿಂದ 1960ರವರೆಗಿನ ಲೆಸ್ ಪಾಲ್ ಸ್ಟ್ಯಾಂಡರ್ಡ್ ಗಿಟಾರಿಗೆ ಆಗ ಬೇಡಿಕೆ ಇರಲಿಲ್ಲ. ಅದರ ತಯಾರಿಕೆಯೇ ನಿಂತಿತು. 1966ರ ಹೊತ್ತಿಗೆ ಎರಿಕ್ ಕ್ಲಾಪ್ಟನ್ ಮೊದಲಾದವರು ಅದನ್ನು ನುಡಿಸಿ ಪ್ರಸಿದ್ಧಗೊಳಿಸಿದ ಮೇಲೆ ಜನ ಹುಡುಕತೊಡಗಿದರು. ಆದರೆ ಉಳಿದಿದ್ದವು ಕೆಲವೇ.

ಹಾಗಾದರೆ ಬೆಲೆ ಕಟ್ಟುವುದು ಹೇಗೆ? ಮೊದಲು ಕಾಲನಿರ್ಣಯ. ಫೆಂಡರ್ ಗಿಟಾರುಗಳ ಕತ್ತಿನ ಬುಡದಲ್ಲಿ ಬಹುಮಟ್ಟಿಗೆ ತಾರೀಕು ಇರುತ್ತದೆ. ವಾಲ್ಯೂಮ್ ಗುಂಡಿಯ ಅಡಿಯ ಪೊಟೆನ್ಷಿಯೋಮೀಟರಿನ ಮೇಲೂ ಅಂಕಿಗಳಿರುತ್ತವೆ. 1376512 ಎಂದಿದ್ದರೆ, 137 ತಯಾರಕರ ಗುರುತು, 65 ಇಸವಿ, 12 ವಾರ. ಬಿಡಿಭಾಗವು ಮೂಲದ್ದೇ ಆಗಿದ್ದರೆ ಗಿಟಾರು ಅದಕ್ಕಿಂತ ಹಳೆಯದಾಗಿರಲಾರದು. ಬೆಸುಗೆ ಕದಡಿದ್ದರೆ ಭಾಗ ಬದಲಾಗಿರಬಹುದೆಂದು ಸಂಶಯಿಸಬೇಕು. ಎರಡನೆಯದು ಮೂಲರೂಪ. ಮತ್ತೆ ಬಣ್ಣ ಹಚ್ಚಿದ ಗಿಟಾರಿನ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ವ್ಯಾಪಾರಿಗಳ ಲೆಕ್ಕಾಚಾರ. ಗಿಬ್ಸನ್ ಗಿಟಾರಿನ ತಲೆಭಾಗ ಮುರಿದು ಜೋಡಿಸಿದ್ದರೂ ಹೆಚ್ಚುಕಡಿಮೆ ಅಷ್ಟೇ ನಷ್ಟ. ಮೂರನೆಯದು ಮರ. 1960ರ ದಶಕದ ಮಧ್ಯದವರೆಗೆ ಬೆರಳೊತ್ತುವ ಹಲಗೆಗೆ ಬ್ರೆಜಿಲಿನ ರೋಸ್‌ವುಡ್ ಬಳಸುತ್ತಿದ್ದರು. ಬಳಿಕ ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಬೆಳೆಯುವ ಬೀಟೆ ಆ ಸ್ಥಾನಕ್ಕೆ ಬಂದಿತು. ಬ್ರೆಜಿಲಿನ ಆ ಮರ 1992ರಿಂದ ಅಂತಾರಾಷ್ಟ್ರೀಯ ಒಪ್ಪಂದದ ಕಟ್ಟುನಿಟ್ಟಿನ ರಕ್ಷಣೆಯಲ್ಲಿದೆ. ಆದ್ದರಿಂದ ಅಂಥ ಗಿಟಾರನ್ನು ಗಡಿಯಾಚೆ ಮಾರಲು ಪರವಾನಗಿ ಬೇಕು.

ಕೊನೆಯದಾಗಿ, ಮಾರುವವರು ಹೇಳುವ ಬೆಲೆಯನ್ನಲ್ಲ, ಅಂಥದೇ ಗಿಟಾರುಗಳು ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಬೇಕು. ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟೋಕಾಸ್ಟರ್ 2019ರ ಹರಾಜಿನಲ್ಲಿ 39.75 ಲಕ್ಷ ಡಾಲರಿಗೆ ಹೋಯಿತು. ಅದು ಗಿಟಾರಿಗಿಂತ ಹೆಚ್ಚಾಗಿ ಅದನ್ನು ನುಡಿಸಿದ ಕೈಗೆ ಸಂದ ಬೆಲೆ. ಬೇರೆ ಗಿಟಾರುಗಳಿಗೆ ಅದು ಅಳತೆಗೋಲಾಗದು.

ಇಷ್ಟೆಲ್ಲ ತಿಳಿದವನ ಎದುರಿಗೆ ಏನೂ ತಿಳಿಯದ ಒಬ್ಬಳು ವಿಧವೆ ನಿಂತಿದ್ದಾಳೆಂದು ಭಾವಿಸೋಣ. ಗಂಡನ ಗಿಟಾರನ್ನು ಅವಳು ಜುಜುಬಿ ಬೆಲೆಗೆ ಕೊಡಲು ಒಪ್ಪುತ್ತಾಳೆ. ಅವಳೇ ಹೇಳಿದ ಬೆಲೆಯಲ್ಲವೇ, ಕೊಳ್ಳುವವನ ತಪ್ಪೇನು ಎಂದು ಕೇಳುವವರುಂಟು. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಇದಕ್ಕೆ ಸ್ಪಷ್ಟ ಉತ್ತರ ನೀಡಿದ್ದಾರೆ. ಚಿನ್ನವನ್ನು ತಾಮ್ರವೆಂದು ತಿಳಿದು ಒಬ್ಬನು ಮಾರುವಾಗ, ಸತ್ಯವನ್ನು ಬಲ್ಲ ಕೊಳ್ಳುವವನು ಸುಮ್ಮನಿದ್ದರೆ ಅದು ಅನ್ಯಾಯ. ಅವನು ನಷ್ಟವನ್ನು ತುಂಬಿಕೊಡಲೇಬೇಕು. ಮಾರುವವನು ಮರೆಯಲ್ಲಿರುವ ದೋಷವನ್ನು ಮುಚ್ಚಿಡುವುದೂ, ಕೊಳ್ಳುವವನ ಗರಜನ್ನು ನೋಡಿ ಬೆಲೆ ಏರಿಸುವುದೂ ಅವರ ದೃಷ್ಟಿಯಲ್ಲಿ ಅಷ್ಟೇ ಅನ್ಯಾಯ. ಒಪ್ಪಿಗೆಯೊಂದೇ ನ್ಯಾಯವಲ್ಲ, ತಿಳಿದು ನೀಡಿದ ಒಪ್ಪಿಗೆ ಬೇಕು.

ಹಾಗೆಂದು ವ್ಯಾಪಾರಿಯ ಲಾಭವೆಲ್ಲ ಪಾಪವಲ್ಲ. ಅಂಗಡಿಯ ಬಾಡಿಗೆ, ರಿಪೇರಿ, ಮಾರಾಟವಾಗದೆ ಉಳಿಯುವ ಅಪಾಯ, ಇವೆಲ್ಲವನ್ನೂ ಅವನು ಹೊರುತ್ತಾನೆ. ಚಿಲ್ಲರೆ ಬೆಲೆಗಿಂತ ಸಾಕಷ್ಟು ಕಡಿಮೆಗೆ ಕೊಳ್ಳುವುದು ಸಹಜ. ವಸ್ತು ಏನೆಂಬುದನ್ನು ಮರೆಮಾಚದೆ ಆ ಕಡಿತದ ಕಾರಣವನ್ನು ಬಿಚ್ಚಿ ಹೇಳಿದರೆ ಅದು ವ್ಯಾಪಾರ.

ಪ್ರಿಯ ಓದುಗರೇ, ನಿಮ್ಮ ಮನೆಯ ಅಟ್ಟದ ಮೇಲೆ ಹಿರಿಯರ ಗಿಟಾರೊಂದು ಇದ್ದರೆ ಅದಕ್ಕೆ ಪಾಲಿಶ್ ಹಚ್ಚಿಸಬೇಡಿ, ತುಕ್ಕು ಹಿಡಿದ ಸ್ಕ್ರೂವನ್ನೂ ಎಸೆಯಬೇಡಿ, ಪೆಟ್ಟಿಗೆಯನ್ನೂ ಜೋಪಾನವಾಗಿಡಿ. ಅದನ್ನು ಕೊಳ್ಳಲು ಬಯಸದ ಇಬ್ಬರು ಬಲ್ಲವರಿಗೆ ತೋರಿಸಿ. ಕೊಳ್ಳುವವರು ನೀವಾದರೆ, ನಿಮಗೆ ತಿಳಿದಿರುವುದನ್ನು ಮೊದಲು ಮಾರುವವರಿಗೆ ತಿಳಿಸಿ. ಬೆಲೆಯ ಮಾತು ಆಮೇಲೆ.