ಬಿಂದ್ರಾ ಅವರ ಮೂರು ಫೈನಲ್‌ಗಳು

ಹತ್ತು ಮೀಟರ್ ಏರ್ ರೈಫಲ್‌ನ ಟಾರ್ಗೆಟ್ ಕಾಗದದ ನಟ್ಟನಡುವೆ ಒಂದು ಬಿಳಿ ಚುಕ್ಕೆ ಇರುತ್ತದೆ. ಅಗಲ ಅರ್ಧ ಮಿಲಿಮೀಟರ್. ರಾಗಿ ಕಾಳೂ ಅದಕ್ಕಿಂತ ದಪ್ಪ. ನನ್ನ ಹತ್ತಿರ ರೈಫಲ್ ಕಲಿಯಲು ಬರುವ ಮಕ್ಕಳು ಅದನ್ನು ನೋಡಿ, "ಇಷ್ಟೇನಾ ಸರ್?" ಅಂತಾರೆ. ಆಮೇಲೆ ಅಭಿನವ್ ಬಿಂದ್ರಾ ಅವರ ಬೀಜಿಂಗ್ ಚಿನ್ನದ ಕಥೆ ಕೇಳುತ್ತಾರೆ. ನಾನು ಅಥೆನ್ಸ್‌ನಿಂದ ಶುರು ಮಾಡುತ್ತೇನೆ.

2004ರ ಆ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ಅವರು 600ಕ್ಕೆ 597 ಹೊಡೆದರು. ಫೈನಲ್‌ನಲ್ಲಿ ಮಾತ್ರ ಏಳನೆಯವರಾದರು. ಅವರು ನಿಂತಿದ್ದ ಜಾಗದ ಟೈಲ್ ಸಡಿಲವಾಗಿತ್ತು ಎಂಬುದು ಆಮೇಲೆ ತಿಳಿಯಿತು. ಇದು ನೆಪವಲ್ಲ. ಸುಮಾರು ಐದು ಕಿಲೋ ತೂಗುವ ರೈಫಲ್ಲನ್ನು ತೋಳಿನ ಬಲದಿಂದ ಹಿಡಿದರೆ ಅರುವತ್ತು ಗುಂಡು ಮುಗಿಯುವವರೆಗೆ ಕೈ ಉಳಿಯುವುದಿಲ್ಲ. ಹಾಗಾಗಿ ಎಡ ಮೊಣಕೈಯನ್ನು ಸೊಂಟದ ಮೂಳೆಗೆ ಆನಿಸಿ, ಬೆನ್ನನ್ನು ಹಿಂದಕ್ಕೆ ಬಾಗಿಸಿ, ಭಾರವನ್ನೆಲ್ಲ ಎಲುಬುಗಳ ಮೂಲಕ ಪಾದಕ್ಕೆ ಇಳಿಸುತ್ತೇವೆ. ಪಾದದಡಿಯ ನೆಲ ಕೂದಲೆಳೆಯಷ್ಟು ಅಲುಗಿದರೂ ನಳಿಗೆಯ ತುದಿಗೆ ಗೊತ್ತಾಗುತ್ತದೆ.

ಊರಿಗೆ ಬಂದ ಬಿಂದ್ರಾ ಸಡಿಲ ಟೈಲ್ ಮೇಲೇ ನಿಂತು ಅಭ್ಯಾಸ ಮಾಡಿದರು. ಬೀಜಿಂಗ್‌ನ ವಿಶಾಲ ಸಭಾಂಗಣಕ್ಕೆ ಕಣ್ಣು ಒಗ್ಗಲೆಂದು ಚಂಡೀಗಢದಲ್ಲಿ ಮದುವೆ ಹಾಲ್ ಬಾಡಿಗೆಗೆ ಹಿಡಿದು ಅಲ್ಲಿ ಗುರಿ ಕಟ್ಟಿದರು. ಈ ನಡುವೆ ಬೆನ್ನುನೋವು ಕಾಡಿತು. ಹಾಗೆ ಬಾಗಿ ವರ್ಷಗಟ್ಟಲೆ ನಿಲ್ಲುವವರಿಗೆ ಅದು ತಪ್ಪಿದ್ದಲ್ಲ. 2006ರಲ್ಲಿ ಝಾಗ್ರೆಬ್‌ನಲ್ಲಿ ವಿಶ್ವ ಚಾಂಪಿಯನ್ ಆದರು.

2008ರ ಆಗಸ್ಟ್ 11. ಬೀಜಿಂಗ್ ಫೈನಲ್‌ಗೆ ಮೊದಲು ಹೊಡೆದ ಪರೀಕ್ಷೆಯ ಗುಂಡು ನಾಲ್ಕು ಅಂಕದ ವೃತ್ತಕ್ಕೆ ಹೋಗಿ ಬಿತ್ತು. ಅರ್ಹತಾ ಸುತ್ತಿನಲ್ಲಿ ಸರಿಯಿದ್ದ ಸೈಟ್, ಅಂದರೆ ಗುರಿ ನೋಡುವ ಸಾಧನ, ಅದು ಹೇಗೋ ಜರುಗಿತ್ತು. ಯಾರು, ಏಕೆ ಎಂದು ತಲೆಕೆಡಿಸಿಕೊಳ್ಳುವಷ್ಟು ಹೊತ್ತಿರಲಿಲ್ಲ. ಅವರು ಸೈಟ್ ತಿರುಗಿಸಿ ಸರಿಮಾಡಿಕೊಂಡರು. ಆಮೇಲಿನ ಹತ್ತು ಗುಂಡುಗಳಲ್ಲಿ ಒಂದೂ 10.0ಕ್ಕಿಂತ ಕೆಳಗಿಳಿಯಲಿಲ್ಲ. ಕೊನೆಯ ಗುಂಡಿಗೆ ಮೊದಲು ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಸಮಸಮಕ್ಕಿದ್ದರು. ಬಿಂದ್ರಾ 10.8 ಹೊಡೆದರು, ಹಕ್ಕಿನೆನ್ 9.7ಕ್ಕೆ ಜಾರಿ ಕಂಚಿಗೆ ಇಳಿದರು. ಅರ್ಹತಾ ಸುತ್ತಿನ ಅಂಕವೂ ಸೇರಿ ಒಟ್ಟು 700.5. ವೈಯಕ್ತಿಕ ವಿಭಾಗದಲ್ಲಿ ಭಾರತದ ಮೊದಲ ಒಲಿಂಪಿಕ್ ಚಿನ್ನ.

ನನಗೆ ಇನ್ನೂ ದೊಡ್ಡದಾಗಿ ಕಾಣುವುದು 2016ರ ರಿಯೊ. ಫೈನಲ್‌ಗೆ ಸ್ವಲ್ಪ ಮೊದಲು ರೈಫಲ್ ಬಿದ್ದು ಸೈಟ್ ಮುರಿಯಿತು. ವರ್ಷಗಟ್ಟಲೆ ಕಣ್ಣಿಗೆ ಒಗ್ಗಿದ ಸೈಟನ್ನು ಬಿಟ್ಟು ಹೊಸದಾಗಿ ಹೊಂದಿಸಿಕೊಂಡು ನಿಲ್ಲಬೇಕಾಯಿತು. ಆದರೂ ಮೂರನೇ ಸ್ಥಾನಕ್ಕೆ ಉಕ್ರೇನಿನ ಸೆರ್ಹಿ ಕುಲಿಶ್ ಜೊತೆ ಸಮಬಲವಾಗಿ, ಶೂಟ್ ಆಫ್‌ಗೆ ಹೋದರು. ಕುಲಿಶ್ 10.5, ಬಿಂದ್ರಾ 10.0. ನಮ್ಮ ಟಾರ್ಗೆಟ್‌ನಲ್ಲಿ ಒಂದು ದಶಾಂಶವೆಂದರೆ ಕಾಲು ಮಿಲಿಮೀಟರ್. ಅಂದರೆ ಕಂಚು ಕೈತಪ್ಪಿದ್ದು ಒಂದೂಕಾಲು ಮಿಲಿಮೀಟರಿನಲ್ಲಿ. ಆ ವರ್ಷವೇ ಅವರು ರೈಫಲ್ ಕೆಳಗಿಟ್ಟರು.

ಬಿಂದ್ರಾ ಮನೆಯಲ್ಲೇ ರೇಂಜ್ ಇತ್ತು, ಇದೆಲ್ಲ ದುಡ್ಡಿದ್ದವರ ಆಟ ಎನ್ನುತ್ತಾರೆ ಪೋಷಕರು. ಅವರ ಮಾತು ಸುಳ್ಳಲ್ಲ. ಒಳ್ಳೆಯ ರೈಫಲ್‌ಗೆ ಲಕ್ಷಗಳು ಬೇಕು, ದಪ್ಪ ಕ್ಯಾನ್ವಾಸಿನ ಜಾಕೆಟ್ಟು, ಪೆಲೆಟ್ಟುಗಳ ಖರ್ಚು ಬೇರೆ. ಆದರೆ 2024ರ ಪ್ಯಾರಿಸ್‌ನಲ್ಲಿ 50 ಮೀಟರ್ ತ್ರೀ ಪೊಸಿಷನ್ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಹಳ್ಳಿಯ ಹುಡುಗ, ಆಗ ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿದ್ದವರು. ಆದ್ದರಿಂದ ಬೆಲೆ ಕೇಳಲು ಬಂದ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದಿಷ್ಟು: ಈಗಲೇ ಏನೂ ಕೊಳ್ಳಬೇಡಿ. ಕ್ಲಬ್ಬಿನ ರೈಫಲ್ ಇದೆ. ಒಂದೆರಡು ತಿಂಗಳು ಮಗು ಪೆಲೆಟ್ ಇಲ್ಲದೆ ಖಾಲಿ ಟ್ರಿಗರ್ ಒತ್ತುತ್ತಾ, ಅಲುಗದೆ ನಿಲ್ಲುವುದನ್ನು ಕಲಿಯಲಿ.