ನಟ ದತ್ತಾತ್ರೇಯನವರೂ ನಮ್ಮ ಶಾಲೆಗಳ ರಂಗವೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ಊರುಗಳಲ್ಲಿ ದೂರದರ್ಶನವನ್ನು ನೋಡುವ ಯಾರನ್ನು ಕೇಳಿದರೂ ದತ್ತಣ್ಣನವರ ಮುಖವನ್ನು ಅರಿಯೆವೆನ್ನುವವರು ವಿರಳ. ಆದರೆ ಅವರು ನಮ್ಮ ನೆರೆಯವರೆಂಬುದನ್ನು ಬಲ್ಲವರು ಅಷ್ಟು ಮಂದಿ ಇರಲಾರರು. ಶ್ರೀಮಾನ್ ಹೆಚ್. ಜಿ. ದತ್ತಾತ್ರೇಯನವರು 1942ನೆಯ ಇಸವಿ ಏಪ್ರಿಲ್ 20ರಂದು ಚಿತ್ರದುರ್ಗದಲ್ಲಿ ಜನಿಸಿದರು. ಅವರ ಹೆಸರಿನ ಮೊದಲಿಗಿರುವ ಅಕ್ಷರವು ತುಂಗಭದ್ರೆಯ ದಡದ ಹರಿಹರವನ್ನು ಸೂಚಿಸುವುದು. 1997ರಲ್ಲಿ ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಜಗಳೂರೂ ಹರಿಹರವೂ ಚಿತ್ರದುರ್ಗದ ಜಿಲ್ಲೆಗೇ ಸೇರಿದ್ದುವು. ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗೆಯಿಂದ ಬಂದು ಕೂಡಿದುವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದುದು ತೀರ ಈಚಿನ ಮಾತು. ಜಿಲ್ಲೆಯ ಗೆರೆಗಳು ಸರಕಾರದ ಕಾಗದದ ಮೇಲೆ ಹೇಗೆ ಸರಿದರೂ ಈ ಸೀಮೆಯ ನುಡಿಯೂ ನಡೆಯೂ ಒಂದೇ ಆಗಿರುವುದರಿಂದ, ಇವರನ್ನು ನಮ್ಮವರೆಂದು ಹೇಳಿಕೊಳ್ಳಲು ನಾವು ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ.

ಇಂದು ಈ ಮಹನೀಯರ ವಿಷಯವಾಗಿ ಬರೆಯಲು ನಮಗೆ ವಿಶೇಷವಾದ ಕಾರಣವೊಂದುಂಟು. “ಹುಡುಗನು ನಾಟಕಕ್ಕೆ ಸೇರಿದರೆ ಓದು ಕೆಡುವುದು, ಈ ವರುಷ ಪರೀಕ್ಷೆಯಿದೆ” ಎಂದು ತಂದೆತಾಯಿಗಳು ಹೇಳುವುದನ್ನು ನಾವು ಅನೇಕ ಸಲ ಕೇಳಿರುವೆವು. ಉಪಾಧ್ಯಾಯರಲ್ಲಿಯೂ ಕೆಲವರು ಇದಕ್ಕೆ ತಲೆದೂಗುವರು. ಶಾಲೆಯ ವಾರ್ಷಿಕೋತ್ಸವದಲ್ಲಿ ನಾಟಕವಿದ್ದ ಜಾಗದಲ್ಲಿ ಈಗ ಸಿನಿಮಾ ಹಾಡಿಗೆ ಕುಣಿತ. ಅದಕ್ಕೆ ಮೂರು ದಿನದ ಅಭ್ಯಾಸವೇ ಸಾಕು, ಮಾತನ್ನು ಕಂಠಪಾಠ ಮಾಡುವ ತೊಂದರೆಯೂ ಇಲ್ಲ. ಹೀಗೆ ವಾದಿಸುವವರು ದತ್ತಾತ್ರೇಯನವರ ಚರಿತ್ರೆಯನ್ನು ಸ್ವಲ್ಪ ಪರಿಶೀಲಿಸಬೇಕೆಂದು ನಮ್ಮ ವಿಜ್ಞಾಪನೆ.

ಬಾಲ್ಯದಲ್ಲಿ ರಂಗವನ್ನೇರಿ ಸ್ತ್ರೀಪಾತ್ರವನ್ನೂ ಧರಿಸಿದ ಇದೇ ಹುಡುಗನು ಎಸ್. ಎಸ್. ಎಲ್. ಸಿ. ಪರೀಕ್ಷೆಯಲ್ಲಿ ಇಡೀ ರಾಜ್ಯಕ್ಕೆ ಮೊದಲಿಗನಾಗಿ ತೇರ್ಗಡೆ ಹೊಂದಿದನು. ಬಳಿಕ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಪದವಿಯನ್ನು ಪಡೆದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉನ್ನತ ವ್ಯಾಸಂಗವನ್ನೂ ಮಾಡಿ, ಭಾರತೀಯ ವಾಯುಸೇನೆಯನ್ನು ಸೇರಿ, ಇಪ್ಪತ್ತು ವರುಷಗಳಿಗೆ ಮೇಲ್ಪಟ್ಟು ಸೇವೆ ಸಲ್ಲಿಸಿ ವಿಂಗ್ ಕಮ್ಯಾಂಡರ್ ಹುದ್ದೆಯವರೆಗೆ ಏರಿದರು. ಸೇನೆಯ ಶಿಸ್ತಿನ ನಡುವೆಯೂ ಬಣ್ಣದ ನಂಟು ಕಡಿದುಹೋಗಲಿಲ್ಲ. ಬಿಡುವಿನ ವೇಳೆಯಲ್ಲಿ ಕನ್ನಡ ಹಿಂದೀ ನಾಟಕಗಳೆರಡರಲ್ಲಿಯೂ ಅಭಿನಯಿಸುತ್ತಲೇ ಇದ್ದರು. ಚಲನಚಿತ್ರದಲ್ಲಿ ಅವರು ಕಾಣಿಸಿಕೊಂಡುದು 1980ರ ದಶಕದ ಕೊನೆಯಲ್ಲಿ, ಅಂದರೆ ವಯಸ್ಸು ನಲವತ್ತನ್ನು ಚೆನ್ನಾಗಿ ದಾಟಿದ ಮೇಲೆ. ಇತರರು ನಿವೃತ್ತಿವೇತನದ ಲೆಕ್ಕ ಹಾಕುವ ಹೊತ್ತಿನಲ್ಲಿ ಇವರು ಎರಡನೆಯ ವೃತ್ತಿಯನ್ನು ಹಿಡಿದರು. ಅವರ ಅಗ್ರಜರಾದ ದಿವಂಗತ ಹೆಚ್. ಜಿ. ಸೋಮಶೇಖರರಾಯರೂ ಬ್ಯಾಂಕಿನ ಉದ್ಯೋಗದೊಡನೆ ನಟನೆಯನ್ನು ನಡೆಸಿಕೊಂಡು ಬಂದು, 2020ರಲ್ಲಿ ತೀರಿಕೊಳ್ಳುವವರೆಗೆ ಕನ್ನಡಿಗರ ಪ್ರೀತಿಗೆ ಪಾತ್ರರಾಗಿದ್ದರು. ಒಂದೇ ಮನೆಯ ಇಬ್ಬರೂ ಕಚೇರಿಯನ್ನೂ ಕಲೆಯನ್ನೂ ಒಟ್ಟಿಗೆ ತೂಗಿಸಿದರೆಂಬುದು ನಮ್ಮ ಅಧಿಕಾರಿವರ್ಗದ ವಾಚಕರು ಗಮನಿಸತಕ್ಕ ಸಂಗತಿ.

ಈ ಸೀಮೆಯ ರಂಗಭೂಮಿಗೆ ಬೇರೊಂದು ದಾರಿಯೂ ಉಂಟು. ದಾವಣಗೆರೆಯ ಚಿಂದೋಡಿ ವೀರಪ್ಪನವರು ಕಟ್ಟಿದ ನಾಟಕ ಕಂಪೆನಿಯೂ ಅವರ ಮಗಳು ಚಿಂದೋಡಿ ಲೀಲಾ ಅವರ ಕೀರ್ತಿಯೂ ಇಲ್ಲಿನ ಹಿರಿಯರಿಗೆಲ್ಲ ತಿಳಿದುದೇ. ಆಕೆಗೆ 1988ರಲ್ಲಿ ಪದ್ಮಶ್ರೀ ದೊರೆಯಿತು. 2010ರ ಜನವರಿಯಲ್ಲಿ ಆಕೆ ಕಾಲವಾದರು. ಕಂಪೆನಿಯ ಮಕ್ಕಳು ರಂಗದ ಮೇಲೆಯೇ ಬೆಳೆದವರು. ಹಾರ್ಮೋನಿಯಂ ಸ್ವರವೇ ಅವರ ಜೋಗುಳ. ದತ್ತಾತ್ರೇಯನವರಿಗೆ ಆ ಭಾಗ್ಯವಿರಲಿಲ್ಲ. ನಮ್ಮ ನಿಮ್ಮ ಮನೆಗಳಂತಹ ಮನೆಯಲ್ಲಿ ಹುಟ್ಟಿ, ಶಾಲೆಗೆ ಹೋಗಿ, ನೌಕರಿ ಹಿಡಿದವರು ಅವರು. ಕಂಪೆನಿಗಳು ಕ್ಷೀಣಿಸಿರುವ ಈ ಕಾಲದಲ್ಲಿ ಮುಂದಿನ ನಟರು ಬರಬೇಕಾದರೆ ಹೆಚ್ಚಾಗಿ ಇಂತಹ ಮನೆಗಳಿಂದಲೇ ಬರಬೇಕು. ಅವರಿಗೆ ಮೊದಲ ಮೆಟ್ಟಿಲು ಶಾಲೆಯ ರಂಗವಲ್ಲದೆ ಬೇರೆ ಯಾವುದು?

ಅವರ ಅಭಿನಯದ ಗುಣವನ್ನು ಕುರಿತು ಒಂದೆರಡು ಮಾತು. ನಾಟಕದಿಂದ ಚಿತ್ರಕ್ಕೆ ಬಂದವರಲ್ಲಿ ಅನೇಕರು ಕಡೆಯ ಸಾಲಿನ ಪ್ರೇಕ್ಷಕನಿಗೆ ಕೇಳಲೆಂದು ಕ್ಯಾಮೆರಾದ ಮುಂದೆಯೂ ಕೂಗುವರು. ದತ್ತಾತ್ರೇಯನವರಲ್ಲಿ ಈ ದೋಷವಿಲ್ಲ. ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಎದುರಿಗಿರುವವನನ್ನು ಒಂದು ಕ್ಷಣ ನೋಡಿ, ಮಿಕ್ಕುದನ್ನು ತಗ್ಗಿದ ದನಿಯಲ್ಲಿ ಮುಗಿಸುವುದು ಅವರ ಕ್ರಮ. ಟಿ. ಎನ್. ಸೀತಾರಾಮ್ ಮತ್ತು ಅವರ ಸಂಗಡಿಗರು ನಿರ್ದೇಶಿಸಿ 1998ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ‘ಮಾಯಾಮೃಗ’ದಂತಹ ಧಾರಾವಾಹಿಯಲ್ಲಿ ಈ ಗುಣವು ಮನೆಮನೆಯನ್ನು ತಲಪಿತು. ಸಂಜೆಯ ದೀಪ ಹಚ್ಚಿದ ಮೇಲೆ ಮನೆಯೊಳಗೆ ಬರುವ ನಟನು ಗಟ್ಟಿಯಾಗಿ ಮಾತನಾಡಬಾರದೆಂಬುದನ್ನು ಅವರು ಬಲ್ಲರು.

ಕರಾವಳಿಯ ಮುಸಲ್ಮಾನ ಹೆಣ್ಣುಮಕ್ಕಳನ್ನು ಪರದೇಶದ ವರ್ತಕರು ಮದುವೆಯಾಗಿ ತೊರೆದುಹೋಗುವ ಅನ್ಯಾಯವನ್ನು ಕುರಿತ ‘ಮುನ್ನುಡಿ’ ಚಿತ್ರಕ್ಕಾಗಿ 2000ದ ಸಾಲಿನ ಶ್ರೇಷ್ಠ ಪೋಷಕ ನಟರೆಂಬ ರಾಷ್ಟ್ರಪ್ರಶಸ್ತಿಯು ಅವರಿಗೆ ಸಂದಿತು. ಅದರ ನಿರ್ದೇಶಕರಾದ ಪಿ. ಶೇಷಾದ್ರಿಯವರ ‘ಅತಿಥಿ’, ‘ಬೇರು’ ಚಿತ್ರಗಳಲ್ಲಿಯೂ ಅವರಿದ್ದರು. ಅನಂತಮೂರ್ತಿಯವರ ಕಥೆಯಿಂದ 2003ರಲ್ಲಿ ಮಾಡಿದ ‘ಮೌನಿ’ಯಲ್ಲಿ ಅನಂತನಾಗ್ ಅವರೊಡನೆ ಸರಿಸಮನಾಗಿ ನಿಂತರು.

ಆದರೆ ನಮ್ಮ ಪೇಟೆಯ ಜನರು ಅವಶ್ಯವಾಗಿ ನೋಡಬೇಕಾದುದು 2012ರ ‘ಭಾರತ್ ಸ್ಟೋರ್ಸ್’. ದೊಡ್ಡ ಬಂಡವಾಳದ ಮಳಿಗೆಗಳು ಬಂದ ಮೇಲೆ ದಿನಸಿ ಅಂಗಡಿಯ ಶೆಟ್ಟರೊಬ್ಬರ ಬಾಳು ಏನಾಯಿತೆಂಬುದೇ ಅದರ ಕಥೆ. ಶೆಟ್ಟರ ಪಾತ್ರವು ದತ್ತಾತ್ರೇಯನವರದು. ಸಾಲದ ಪುಸ್ತಕವನ್ನು ನಂಬಿ ಸಾಮಾನು ಕೊಡುವ, ಗಿರಾಕಿಯ ಮನೆಯ ಮದುವೆ ಮುಂಜಿಗಳನ್ನೆಲ್ಲ ಬಲ್ಲ ಅಂಗಡಿಕಾರನು ಚನ್ನಗಿರಿಯಲ್ಲಿಯೂ ಇರುವನು, ಹೊನ್ನಾಳಿಯ ಪೇಟೆಯಲ್ಲಿಯೂ ಇರುವನು. ಆ ಸಾಲಿನ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯು ಅದಕ್ಕೆ ಸಂದಿತು. ದತ್ತಾತ್ರೇಯನವರ ಅಭಿನಯವೂ ವಿಶೇಷವಾಗಿ ಪುರಸ್ಕೃತವಾಯಿತು. ಪ್ರಶಸ್ತಿ ಬಂದ ಚಿತ್ರವು ತಾಲ್ಲೂಕು ಊರುಗಳ ಚಿತ್ರಮಂದಿರಕ್ಕೆ ಬರುವುದೇ ಅಪರೂಪವೆಂಬುದು ಕನ್ನಡದ ಹಳೆಯ ರೋಗ.

ವ್ಯಾಪಾರೀ ಚಿತ್ರಗಳು ಅವರನ್ನು ಮನೆಯ ಹಿರಿಯನ ಕುರ್ಚಿಯಲ್ಲಿ ಸುಮ್ಮನೆ ಕುಳ್ಳಿರಿಸಿ ವ್ಯರ್ಥಮಾಡಿದುದೂ ಉಂಟು. ಆದಾಗ್ಯೂ 2016ರ ‘ನೀರ್ ದೋಸೆ’ಯಂತಹ ಹಾಸ್ಯಚಿತ್ರದಲ್ಲಿ ಎಪ್ಪತ್ತು ದಾಟಿದ ಈ ನಟರು ಕಿರಿಯರನ್ನು ಮೀರಿ ನಗಿಸಿದರು. 2019ರಲ್ಲಿ ‘ಮಿಷನ್ ಮಂಗಲ್’ ಎಂಬ ಹಿಂದೀ ಚಿತ್ರದಲ್ಲಿ ಮಂಗಳಗ್ರಹಕ್ಕೆ ನೌಕೆಯನ್ನು ಕಳುಹಿಸುವ ವಿಜ್ಞಾನಿಗಳಲ್ಲಿ ಹಿರಿಯರಾಗಿ ಕಾಣಿಸಿಕೊಂಡರು. ಯಂತ್ರಶಾಸ್ತ್ರವನ್ನು ನಿಜವಾಗಿ ಕಲಿತವರಿಗೆ ಆ ಪಾತ್ರವು ದೊರೆತುದು ನಮಗೆ ವಿಶೇಷ ಸಂತೋಷವನ್ನುಂಟುಮಾಡಿತು.

ಈ ನಾಲ್ಕು ತಾಲ್ಲೂಕುಗಳ ಶಾಲಾ ಸಮಿತಿಗಳವರಲ್ಲಿ ನಮ್ಮ ಕೋರಿಕೆಯು ದೊಡ್ಡದಲ್ಲ. ಬರುವ ವಾರ್ಷಿಕೋತ್ಸವದಲ್ಲಿ ಒಂದು ಗಂಟೆಯ ಕನ್ನಡ ನಾಟಕವೊಂದನ್ನು ಮಕ್ಕಳಿಂದ ಆಡಿಸಲಿ. ಬೆಲೆಬಾಳುವ ಪರದೆಗಳೂ ಉಡುಪುಗಳೂ ಬೇಕಿಲ್ಲ. ದಸರೆಯ ರಜೆ ಮುಗಿದೊಡನೆ ಪಾತ್ರಗಳನ್ನು ಹಂಚಿದರೆ ಡಿಸೆಂಬರಿನೊಳಗೆ ಮಾತು ಬಾಯಿಗೆ ಬರುವುದು, ಪರೀಕ್ಷೆಗೆ ಇನ್ನೂ ತಿಂಗಳುಗಳು ಉಳಿದಿರುವುವು. ಓದಿನಲ್ಲಿ ಮುಂದಿರುವ ಹುಡುಗರನ್ನು ನಾಟಕದಿಂದ ಹೊರಗಿಡದೆ, ಅವರಿಗೂ ಒಂದೊಂದು ಪಾತ್ರವನ್ನು ಕೊಡಲಿ.