ಹವಳದ ದಿಬ್ಬದ ಮೇಲೆ ‘ಕರ್ನಾಟಿಕ್’

ರಾಯದುರ್ಗ, ಮಡಕಶಿರಗಳ ನಮ್ಮ ಮಕ್ಕಳಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರು ವಿರಳ. ಕೆರೆ ತುಂಬಿದ ವರ್ಷವೇ ನಮಗೆ ಹಬ್ಬದ ವರ್ಷ. ಇಂಥ ಬರಸೀಮೆಯವರಾದ ನಾವು ಹಡಗೊಂದರ ಕಥೆಯನ್ನು ಹೇಳಹೊರಟಿರುವುದಕ್ಕೆ ಕಾರಣವುಂಟು. ಆ ಹಡಗಿಗೆ ಇದ್ದುದು ನಮ್ಮ ನಾಡಿನ ಹೆಸರು.

ಕರ್ಣಾಟಕವೆಂಬ ಶಬ್ದವನ್ನು ಆಂಗ್ಲರು ‘ಕರ್ನಾಟಿಕ್’ ಎಂದು ಬರೆದರು. ಮೂಲತಃ ಘಟ್ಟದ ಮೇಲಣ ಕನ್ನಡ ದೇಶಕ್ಕೆ ಸಲ್ಲುತ್ತಿದ್ದ ಈ ಹೆಸರು, ವಿಜಯನಗರದ ಅರಸರ ಆಳ್ವಿಕೆಯೊಡನೆ ಕೆಳಗಣ ಬಯಲಿಗೂ ಇಳಿದು, ಕೊನೆಗೆ ಆರ್ಕಾಟಿನ ನವಾಬರ ಸೀಮೆಗೇ ನಿಂತುಬಿಟ್ಟಿತು. ಗಡಿಗಳೂ ಹೆಸರುಗಳೂ ಸರಿದಾಡುವ ಪರಿಯನ್ನು ನಮಗೆ ಹೊಸದಾಗಿ ಹೇಳಬೇಕಾಗಿಲ್ಲ. ರಾಯದುರ್ಗವು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದಿತು. ಮಡಕಶಿರವು 2022ರಲ್ಲಿ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹಡಗಿಗೆ ಹೆಸರಿಟ್ಟವರ ಮನಸ್ಸಿನಲ್ಲಿದ್ದುದು ಬಹುಶಃ ಆರ್ಕಾಟೇ ಇರಬೇಕು. ಆದರೂ ಆ ಹೆಸರಿನ ಬೇರು ನಮ್ಮದೇ.

‘ಕರ್ನಾಟಿಕ್’ 1862ರಲ್ಲಿ ಲಂಡನ್ನಿನಲ್ಲಿ ನೀರಿಗಿಳಿದ ಉಗಿಹಡಗು. ಉದ್ದ ಸುಮಾರು 295 ಅಡಿ. ಉಗಿಯಂತ್ರದೊಡನೆ ಹಾಯಿಗಳೂ ಅದಕ್ಕಿದ್ದವು. ಆಗಿನ್ನೂ ಸೂಯೆಜ್ ಕಾಲುವೆ ತೆರೆದಿರಲಿಲ್ಲ. ಇಂಗ್ಲೆಂಡಿನಿಂದ ಬರುವವರು ಅಲೆಕ್ಸಾಂಡ್ರಿಯದಲ್ಲಿ ಇಳಿದು, ರೈಲಿನಲ್ಲಿ ಸೂಯೆಜ್ ಪಟ್ಟಣವನ್ನು ಸೇರಿ, ಅಲ್ಲಿ ಇನ್ನೊಂದು ಹಡಗನ್ನು ಹತ್ತಿ ಮುಂಬಯಿಗೆ ಬರಬೇಕಾಗಿದ್ದಿತು. 1869ರ ಸೆಪ್ಟೆಂಬರ್ 12ರಂದು ‘ಕರ್ನಾಟಿಕ್’ ಸೂಯೆಜಿನಿಂದ ಹೊರಟಾಗ ಅದರಲ್ಲಿ ಇನ್ನೂರಕ್ಕೂ ಹೆಚ್ಚು ಜನರು, ಹತ್ತಿಯ ಮೂಟೆಗಳು, ತಾಮ್ರದ ತಗಡುಗಳು, ಟಪಾಲು ಹಾಗೂ 40,000 ಪೌಂಡು ಬೆಲೆಯ ನಾಣ್ಯಗಳಿದ್ದವು. ಕಪ್ತಾನನ ಹೆಸರು ಜೋನ್ಸ್.

ಇಲ್ಲಿ ಹವಳದ ವಿಷಯವನ್ನು ಕೊಂಚ ತಿಳಿಯಬೇಕು. ನಮ್ಮ ತಾಯಂದಿರು ತಾಳಿಯೊಡನೆ ಪೋಣಿಸುವ ಕೆಂಪು ಹವಳವು ಆಳವಾದ ನೀರಿನ, ನಿಧಾನವಾಗಿ ಬೆಳೆಯುವ ಒಂದು ಜಾತಿ. ದಿಬ್ಬ ಕಟ್ಟುವ ಹವಳ ಬೇರೆ. ಕಾಳಿನಷ್ಟು ಚಿಕ್ಕ ಜೀವಿಗಳು ಸಮುದ್ರದ ನೀರಿನಿಂದ ಸುಣ್ಣದಂಶವನ್ನು ಹೀರಿ ತಮ್ಮ ಸುತ್ತಲೂ ಗೂಡು ಕಟ್ಟಿಕೊಳ್ಳುತ್ತವೆ. ಸತ್ತವುಗಳ ಗೂಡಿನ ಮೇಲೆ ಮುಂದಿನವು ಕಟ್ಟುತ್ತವೆ. ಅವುಗಳ ಒಡಲಲ್ಲಿ ನೆಲಸಿರುವ ಸೂಕ್ಷ್ಮ ಪಾಚಿಗೆ ಬಿಸಿಲು ಬೇಕು. ಆದುದರಿಂದ ದಿಬ್ಬವು ಬೆಳಕನ್ನು ಅರಸುತ್ತ ಮೇಲೇರಿ, ನೀರಿನ ಮಟ್ಟಕ್ಕೆ ತುಸು ಕೆಳಗೆ ನಿಲ್ಲುತ್ತದೆ. ನಾವಿಕನಿಗೆ ಅದೇ ಅಪಾಯ. ಬೆಟ್ಟವಾದರೆ ಕಾಣುತ್ತದೆ, ಇದು ಕಾಣದು. ಕನ್ನಡ ನಾಡಿನಲ್ಲಿಯೂ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಅದನ್ನು ನೋಡಲೆಂದೇ ಜನರು ಅಲ್ಲಿ ನೀರಿಗೆ ಧುಮುಕುತ್ತಾರೆ.

ಕೆಂಪು ಸಮುದ್ರದ ಷದ್ವಾನ್ ದ್ವೀಪದ ಸಮೀಪದಲ್ಲಿ ಅಂಥದೇ ಒಂದು ದಿಬ್ಬವಿದೆ. 13ರ ರಾತ್ರಿ ಒಂದು ಗಂಟೆ ಕಳೆದ ಮೇಲೆ, ಮುಂಗಡೆ ನೊರೆಯೊಡೆಯುತ್ತಿರುವ ಅಲೆಗಳು ಕಂಡವು. ಯಂತ್ರವನ್ನು ಹಿಮ್ಮುಖವಾಗಿ ತಿರುಗಿಸುವಷ್ಟರಲ್ಲಿ ಹಡಗು ದಿಬ್ಬವನ್ನೇರಿ ಕುಳಿತಿದ್ದಿತು.

ಆ ಕ್ಷಣದಲ್ಲಿ ಒಂದು ಜೀವವೂ ಹೋಗಲಿಲ್ಲ. ನೀರೆತ್ತುವ ಪಂಪುಗಳು ನಡೆಯುತ್ತಿದ್ದವು. ಅದೇ ಕಂಪೆನಿಯ ‘ಸುಮಾತ್ರ’ ಎಂಬ ಹಡಗು ಆ ದಾರಿಯಲ್ಲಿ ಬೇಗನೆ ಬರಲಿತ್ತು. ದೋಣಿಗಳನ್ನಿಳಿಸಿ ದ್ವೀಪಕ್ಕೆ ಹೋಗುವುದಕ್ಕಿಂತ ಹಡಗಿನಲ್ಲಿಯೇ ಕಾಯುವುದು ಕ್ಷೇಮವೆಂದು ಕಪ್ತಾನನು ನಿರ್ಧರಿಸಿದನು. ಮೊದಲ ಹಗಲಿನ ಮಟ್ಟಿಗೆ ಇದನ್ನು ಅವಿವೇಕವೆನ್ನಲಾರೆವು. ಆದರೆ ಸಂಜೆ ಪ್ರಯಾಣಿಕರೇ ಬಂದು ದಡಕ್ಕೆ ಕಳುಹಿಸಿರೆಂದು ಬೇಡಿದಾಗಲೂ ಅವನು ಒಪ್ಪಲಿಲ್ಲ. ಈ ಹಟವನ್ನು ಸಮರ್ಥಿಸುವುದು ಕಷ್ಟ. ಆ ರಾತ್ರಿ ಎರಡು ಗಂಟೆಯ ಹೊತ್ತಿಗೆ ನೀರು ಬಾಯ್ಲರುಗಳನ್ನು ಮುಳುಗಿಸಿತು. ಪಂಪುಗಳು ನಿಂತವು, ದೀಪಗಳು ಆರಿದವು.

14ರಂದು ಹಗಲು ಹನ್ನೊಂದರ ಸುಮಾರಿಗೆ ಕೊನೆಗೂ ದೋಣಿಗಳಿಗೆ ಅಪ್ಪಣೆಯಾಯಿತು. ಮೊದಲಿಗೆ ಸ್ತ್ರೀಯರನ್ನು ಕೂರಿಸುತ್ತಿರುವಾಗಲೇ ಹಡಗು ನಡುವೆ ಮುರಿಯಿತು. ಹಿಂಭಾಗವು ಆಳಕ್ಕೆ ಜಾರಿತು. ಮುಂಭಾಗವು ಮಗ್ಗುಲಾಗಿ ಉರುಳಿ ಎಲ್ಲರನ್ನೂ ನೀರಿಗೆ ಎಸೆಯಿತು. ಸತ್ತವರು 31 ಮಂದಿ. ಅವರಲ್ಲಿ 26 ಮಂದಿ ಹಡಗಿನ ಆಳುಗಳು. ಈ ಮಾರ್ಗದ ಹಡಗುಗಳಲ್ಲಿ ನಮ್ಮ ದೇಶದ ಖಲಾಸಿಗಳು ದುಡಿಯುವುದು ವಾಡಿಕೆಯಾಗಿದ್ದಿತು. ಹಡಗು ದಿಬ್ಬದ ಮೇಲೆ ಕುಳಿತಿದ್ದುದು 34 ಗಂಟೆಗಳ ಕಾಲ. ಅಷ್ಟರಲ್ಲಿ ಎಲ್ಲರೂ ದಡ ಸೇರಬಹುದಾಗಿತ್ತು.

ಬದುಕಿದವರು ಷದ್ವಾನ್ ದ್ವೀಪವನ್ನು ಸೇರಿ, ತೇಲಿಬಂದ ಹತ್ತಿಗೆ ಬೆಂಕಿಯಿಟ್ಟು ಗುರುತು ತೋರಿದರು. ‘ಸುಮಾತ್ರ’ ಅದನ್ನು ಕಂಡು ಅವರನ್ನು ಹತ್ತಿಸಿಕೊಂಡಿತು. ವಿಚಾರಣೆಯಲ್ಲಿ ಜೋನ್ಸನ ಪರವಾನಗಿಯನ್ನು ಒಂಬತ್ತು ತಿಂಗಳು ತಡೆಹಿಡಿದರು. ಅವನು ಮತ್ತೆ ಸಮುದ್ರಕ್ಕೆ ಇಳಿಯಲಿಲ್ಲ. ಕೆಲವೇ ವಾರಗಳಲ್ಲಿ, ಲೋಹದ ಶಿರಸ್ತ್ರಾಣ ಧರಿಸಿದ ಮುಳುಗುಗಾರರನ್ನಿಳಿಸಿ 32,000 ಪೌಂಡು ನಾಣ್ಯವನ್ನು ಮೇಲೆತ್ತಿದರು. ನವೆಂಬರ್ 17ರಂದು ಸೂಯೆಜ್ ಕಾಲುವೆಯೂ ತೆರೆಯಿತು.

ಆ ದಿಬ್ಬಕ್ಕೆ ಈಗ ‘ಅಬು ನುಹಾಸ್’ ಎಂದು ಹೆಸರು. ಅರಬ್ಬಿಯಲ್ಲಿ ‘ತಾಮ್ರದ ತಂದೆ’ ಎಂದರ್ಥ. ‘ಕರ್ನಾಟಿಕ್’ ಹೊತ್ತಿದ್ದ ತಾಮ್ರದಿಂದಲೇ ಈ ಹೆಸರು ಬಂದಿತೆಂದು ಹೇಳುತ್ತಾರೆ. ಅದರ ಮೇಲೆ ಮತ್ತೆ ಹಡಗುಗಳು ಒಡೆದಿವೆ. 1978ರಲ್ಲಿ ಬೇಳೆಕಾಳು ಹೊತ್ತ ‘ಕೀಮೊನ್ ಎಂ’ ಎಂಬುದೂ ಅಲ್ಲಿಯೇ ಸಿಕ್ಕಿಬಿದ್ದಿತು. ಬೆನ್ನಿಗೆ ಗಾಳಿಯ ಉರುಳೆ ಕಟ್ಟಿಕೊಂಡ ಮುಳುಗುಗಾರರು ಇಂದು ಸುಮಾರು 80 ಅಡಿ ಆಳಕ್ಕಿಳಿದು ‘ಕರ್ನಾಟಿಕ್’ ಹಡಗನ್ನು ನೋಡುತ್ತಾರೆ. ಅಟ್ಟದ ಹಲಗೆಗಳು ಕೊಳೆತುಹೋಗಿವೆ. ಉಳಿದ ಕಬ್ಬಿಣದ ಪಕ್ಕೆಗಳ ನಡುವೆ ಗಾಜಿನಂಥ ಪುಟ್ಟ ಮೀನುಗಳ ಹಿಂಡು ಸುಳಿಯುತ್ತದೆ. ಆ ಪಕ್ಕೆಗಳ ಮೇಲೆಲ್ಲ ಹವಳವು ಮನೆಮಾಡಿದೆ.